ಬಳ್ಳಿಗಾವೆಯ ಸೀಮೆಯಲ್ಲಿ ಪಾನರುಚಿ: ಬಗನಿಯ ಕಳ್ಳಿನಿಂದ ವಿಸ್ಕಿಯವರೆಗೆ

ಒಳ್ಳೆಯ ಪಾನೀಯವನ್ನು ಗುರುತಿಸಿ ಮೆಚ್ಚುವ ಶಕ್ತಿ ಸಿರಿವಂತರಿಗೇ ಮೀಸಲೆಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ಕಾವ್ಯಗಳಲ್ಲಿ ಪಾನಗೋಷ್ಠಿಯೆಂದೊಡನೆ ರತ್ನದ ಬಟ್ಟಲುಗಳೂ ವಿಲಾಸಿನಿಯರೂ ಕಣ್ಣಮುಂದೆ ನಿಲ್ಲುವರು. ಅಬಕಾರಿಯ ಕಾಗದಪತ್ರಗಳಲ್ಲಿ ಬಡವನ ಕುಡಿತವೆಂದರೆ ಗ್ಯಾಲನ್ನುಗಳ ಲೆಕ್ಕವೂ ಬೊಕ್ಕಸದ ಆದಾಯವೂ ಮಾತ್ರ ಕಾಣುವುವು. ಒಂದರಲ್ಲಿ ರುಚಿಯುಂಟು, ಅಳತೆಯಿಲ್ಲ. ಮತ್ತೊಂದರಲ್ಲಿ ಅಳತೆಯುಂಟು, ರುಚಿಯ ಮಾತಿಲ್ಲ. ಅಲ್ಪವರಮಾನದವನಿಗೂ ನಾಲಗೆಯುಂಟು, ಆ ನಾಲಗೆಗೂ ಒಂದು ಶಿಕ್ಷಣಕ್ರಮವಿದ್ದಿತು ಎಂಬ ಸಂಗತಿ ಈ ಎರಡು ಬಗೆಯ ಆಧಾರಗಳ ನಡುವೆ ಮರೆಯಾಗಿ ಹೋಗಿದೆ. ಇಂದು ಸಾಮಾನ್ಯ ಸಂಬಳದ ಮನುಷ್ಯನೊಬ್ಬನು ವಿಸ್ಕಿಯ ರುಚಿಯನ್ನು ಅರಿಯಬೇಕೆಂದರೆ ಅವನಿಗೆ ದಾರಿ ಯಾವುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಲಘುವೆಂದು ತೋರಬಹುದು. ಆದರೆ ಆ ಪ್ರಶ್ನೆಯ ಹಿಂದೆ ಒಂಬೈನೂರು ವರ್ಷಗಳಿಗೆ ಕಡಮೆಯಿಲ್ಲದ ಚರಿತ್ರೆಯಿದೆ. ಅದನ್ನು ಬಳ್ಳಿಗಾವೆಯ ಸೀಮೆಯೊಂದರಲ್ಲಿಯೇ ಮೊದಲಿನಿಂದ ಕಡೆಯವರೆಗೆ ಹಿಂಬಾಲಿಸಿ ನೋಡಲು ಸಾಧ್ಯವಾಗಿದೆ.

೧

ಬಳ್ಳಿಗಾವೆ, ಎಂದರೆ ಈಗಿನ ಬಳ್ಳಿಗಾವಿ, ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಸಮೀಪದಲ್ಲಿರುವ ಗ್ರಾಮ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದಿತು. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳೂ ೧೦೪೭ರಲ್ಲಿ ನಿಲ್ಲಿಸಿದ ಭೇರುಂಡಸ್ತಂಭವೂ ಆ ವೈಭವಕ್ಕೆ ಇಂದಿಗೂ ಸಾಕ್ಷಿಗಳಾಗಿವೆ. ಬಿ. ಎಲ್. ರೈಸರು ೧೯೦೨ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನೂ, ಎರಡು ವರ್ಷಗಳ ತರುವಾಯ ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ ಪ್ರಕಟಿಸಿದ ಮೇಲೆ ಈ ಊರಿನ ಜನಜೀವನ ವಿದ್ವಾಂಸರಿಗೆ ವಿಶದವಾಯಿತು.

ಈ ಪಟ್ಟಣದಲ್ಲಿ ಹಲವು ಧರ್ಮಗಳು ಒಟ್ಟಿಗೆ ನೆಲೆಸಿದ್ದುವು. ಕೋಡಿಯಮಠದಲ್ಲಿ ಕಾಳಾಮುಖ ಆಚಾರ್ಯರಿದ್ದರು, ಜೈನಬಸದಿಗಳಿದ್ದುವು, ೧೦೬೫ರಲ್ಲಿ ಸ್ಥಾಪಿತವಾದ ಜಯಂತಿ ಪ್ರಬುದ್ಧವಿಹಾರವೆಂಬ ಬೌದ್ಧವಿಹಾರವೂ ಇದ್ದಿತು. ಬೌದ್ಧನ ಪಂಚಶೀಲಗಳಲ್ಲಿ ಸುರಾಪಾನವಿರಮಣವೊಂದು; ಜೈನಗೃಹಸ್ಥನ ಮೂಲಗುಣಗಳಲ್ಲಿ ಮದ್ಯತ್ಯಾಗ ಮೊದಲನೆಯದು; ವೈದಿಕಸ್ಮೃತಿಗಳ ಮತದಲ್ಲಿ ಸುರಾಪಾನ ಮಹಾಪಾತಕ. ಆಮೇಲೆ ಬಂದ ಶರಣಧರ್ಮವೂ ಇದೇ ನಿಲುವನ್ನು ತಾಳಿತು. ಅಲ್ಲಮಪ್ರಭುವಿನ ಜನ್ಮಸ್ಥಳ ಬಳ್ಳಿಗಾವೆಯೆಂದೂ, ಅಕ್ಕಮಹಾದೇವಿಯ ಉಡುತಡಿ ಅದಕ್ಕೆ ದೂರವಲ್ಲವೆಂದೂ ಪರಂಪರೆ ಹೇಳುತ್ತದೆ. ಇಂತು ಉಪದೇಶದ ಮಟ್ಟಿಗೆ ಈ ಊರಿನಲ್ಲಿ ಮದ್ಯವನ್ನು ಹೊಗಳುವವರೇ ಇರಲಿಲ್ಲವೆನ್ನಬಹುದು. ಆದರೂ ಎಲ್ಲ ಮತಗಳೂ ಒಂದೇ ಕಂಠದಿಂದ ಬೇಡವೆಂದು ಸಾರಿದ ವಸ್ತು ಜನರಲ್ಲಿ ಬಳಕೆಯಲ್ಲಿದ್ದಿತೆಂಬುದನ್ನು ಆ ನಿಷೇಧಗಳೇ ಸೂಚಿಸುತ್ತವೆ. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಹೆಂಡದ ಕಸುಬಿನವನನ್ನು ಶರಣರು ಹೊರಗಿಡಲಿಲ್ಲ. ಅವನ ಕಸುಬಿನ ಮಾತನ್ನೇ ಅನುಭಾವದ ಮಾತನ್ನಾಗಿ ಮಾಡಿಕೊಂಡರು. ಮಾರುವವನ ಹೆಸರು ಹೀಗೆ ಉಳಿದುಬಂದಿತು. ಕೊಳ್ಳುವವನ ಹೆಸರು ಮಾತ್ರ ಎಲ್ಲಿಯೂ ಉಳಿಯಲಿಲ್ಲ.

೨

ಕೊಳ್ಳುವವರು ಯಾರು, ಅವರಿಗೆ ಎಂತಹ ಪಾನೀಯ ದೊರೆಯುತ್ತಿದ್ದಿತು ಎಂಬುದನ್ನು ತಿಳಿಯಲು ಶಾಸ್ತ್ರಗ್ರಂಥಗಳ ಕಡೆಗೆ ತಿರುಗಬೇಕಾಗುತ್ತದೆ. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ದೊರೆತ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯನ್ನು ಕುರಿತ ಅಧ್ಯಾಯವೊಂದಿದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಮದ್ಯವನ್ನು ಅಲ್ಲಿ ವಿಂಗಡಿಸಿ ಒಂದೊಂದರ ಪಾಕಕ್ರಮವನ್ನು ಹೇಳಿದೆ. ಅದೇ ಅಧ್ಯಾಯದ ಎರಡು ವಿಧಿಗಳು ಪ್ರಕೃತ ವಿಷಯಕ್ಕೆ ಬಹಳ ಮುಖ್ಯವಾದುವು. ಶುಚಿಯಾದ ನಡತೆಯವರೆಂದು ತಿಳಿದವರಿಗೆ ಕಾಲು ಕುಡುಬ, ಅರೆ ಕುಡುಬ, ಕುಡುಬ ಎಂಬ ಕಿರಿಯ ಅಳತೆಗಳಲ್ಲಿ ಮದ್ಯವನ್ನು ಕೊಡಬಹುದೆಂಬುದು ಮೊದಲನೆಯದು. ಕೆಟ್ಟುಹೋದ ಮದ್ಯವನ್ನು ಬೇರೆ ಕಡೆ ಮಾರಿಸಬೇಕು, ಇಲ್ಲವೆ ದಾಸರಿಗೂ ಕೆಲಸಗಾರರಿಗೂ ಕೂಲಿಯ ಬದಲಾಗಿ ಕೊಡಬಹುದೆಂಬುದು ಎರಡನೆಯದು. ಸಣ್ಣ ಅಳತೆ ಸಂಯಮಕ್ಕೆ ಸಾಧನ. ಕೆಟ್ಟ ಸರಕು ಕೂಲಿಯವನ ಪಾಲು. ಇವೆರಡೂ ಮುಂದಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುವು.

ಮನುಸ್ಮೃತಿ ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರು ಬಗೆಯಾಗಿ ಹೇಳಿ ದ್ವಿಜರಿಗೆ ಮೂರನ್ನೂ ನಿಷೇಧಿಸುತ್ತದೆ. ಬೆಲ್ಲದಿಂದಾದುದು ಗೌಡೀ, ಧಾನ್ಯದ ಹಿಟ್ಟಿನಿಂದಾದುದು ಪೈಷ್ಟೀ. ನಿಷೇಧಿಸುವ ಗ್ರಂಥವೂ ಮೂಲದ್ರವ್ಯವನ್ನು ಬಿಟ್ಟು ಮಾತನಾಡಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. ಈ ಗೌಡೀ-ಪೈಷ್ಟೀ ವಿಭಾಗ ವಿಸ್ಕಿಯ ಪ್ರಕರಣದಲ್ಲಿ ಎಷ್ಟು ಪ್ರಯೋಜನಕ್ಕೆ ಬರುವುದೆಂಬುದು ಮುಂದೆ ವ್ಯಕ್ತವಾಗುವುದು.

ಕನ್ನಡ ಸಾಹಿತ್ಯದಲ್ಲಿ ಪಾನವರ್ಣನೆಗೆ ಆದಿಕವಿಯೇ ಹಾದಿ ಹಾಕಿಕೊಟ್ಟಿದ್ದಾನೆ. ಬನವಾಸಿಯ ಮೇಲಣ ಮೋಹವನ್ನು ಹಾಡಿದ ಪಂಪನು ತನ್ನ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಸೂಳೆಗೇರಿಯ ಪಾನಗೋಷ್ಠಿಯನ್ನು ವಿಸ್ತಾರವಾಗಿ ಚಿತ್ರಿಸಿದನು. ಮಧುದೇವತೆಗಳ ಅರ್ಚನೆ, ಹಕ್ಕಿಗಳ ಆಕಾರದ ಪಾನಪಾತ್ರೆಗಳು, ಕುಡಿದವರ ಮಾತಿನ ತೊದಲು, ಇವೆಲ್ಲವೂ ಅಲ್ಲಿ ಬರುತ್ತವೆ. ಸುಮಾರು ಇನ್ನೂರು ವರ್ಷಗಳಾದ ಮೇಲೆ ಬನವಾಸಿನಾಡನ್ನೂ ಆಳುತ್ತಿದ್ದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ರಾಜನ ಕ್ರೀಡೆಗಳಲ್ಲಿ ಒಂದನ್ನಾಗಿ ಎಣಿಸಿದನು. ಆದರೆ ಪಂಪನ ಗೋಷ್ಠಿಯಲ್ಲಾಗಲಿ ಸೋಮೇಶ್ವರನ ಕ್ರೀಡೆಯಲ್ಲಾಗಲಿ ಒಕ್ಕಲುಮಗನಿಗೆ ಸ್ಥಳವಿಲ್ಲ. ಅಲ್ಲಿ ರುಚಿಯೆಂಬುದು ಐಶ್ವರ್ಯದ ಅಂಗ.

ವೈದ್ಯಶಾಸ್ತ್ರದ ದೃಷ್ಟಿ ಇದಕ್ಕಿಂತ ಉದಾರವಾದುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮದಾತ್ಯಯ ಪ್ರಕರಣದಲ್ಲಿ ಮದದ ಅವಸ್ಥೆಗಳನ್ನು ಕ್ರಮವಾಗಿ ವಿವರಿಸಿ, ಪ್ರಮಾಣ, ಕಾಲ, ಆಹಾರ, ದೇಹಬಲ ಇವುಗಳನ್ನು ಅರಿತು ಸೇವಿಸಿದ ಮದ್ಯ ಅಮೃತಸಮಾನವೆಂದೂ ಅರಿಯದೆ ಸೇವಿಸಿದುದು ವಿಷವೆಂದೂ ಹೇಳಿದೆ. ಇಲ್ಲಿ ಭೇದವನ್ನು ಮಾಡುವುದು ಹಣವಲ್ಲ, ಅರಿವು. ಇಂತಹ ವೈದ್ಯಕ್ಕೂ ಬಳ್ಳಿಗಾವೆಗೂ ಸಂಬಂಧವಿಲ್ಲದೆ ಇರಲಿಲ್ಲ. ೧೧೬೨ರ ಶಾಸನವೊಂದು ಕೋಡಿಯಮಠವನ್ನು ವಿದ್ಯಾಸ್ಥಾನವೆಂದು ಕೊಂಡಾಡುವುದಲ್ಲದೆ, ಅದು ದೀನರಿಗೂ ಅನಾಥರಿಗೂ ಅನ್ನವಿಕ್ಕುವ ಮತ್ತು ರೋಗಿಗಳಿಗೆ ಚಿಕಿತ್ಸೆ ನಡೆಸುವ ತಾಣವೆಂದೂ ಹೇಳುತ್ತದೆ.

೩

ಬಡವನ ನಾಲಗೆಗೆ ನಿಜವಾದ ಪಾಠಶಾಲೆ ಮಠದಲ್ಲಾಗಲಿ ಅರಮನೆಯಲ್ಲಾಗಲಿ ಇರಲಿಲ್ಲ. ಬಳ್ಳಿಗಾವೆಗೆ ಪಶ್ಚಿಮದಲ್ಲಿ ತೊಡಗುವ ಸೊರಬದ ಕಾನುಗಳಲ್ಲಿ ಇದ್ದಿತು. ಕಾನೆಂದರೆ ಊರಿನವರು ಕಾಪಾಡಿಕೊಂಡು ಬಂದ, ಸದಾ ಹಸುರಾಗಿರುವ ದಟ್ಟವಾದ ಮರಗಾವಲು. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಮಾಡಿದಾಗ ಅವುಗಳ ಸಂಖ್ಯೆ ೧೭೧ ಆಗಿದ್ದಿತು. ಮೆಣಸಿನ ಬಳ್ಳಿಯೂ ಬಗನಿಯ ಮರವೂ ಈ ಕಾನುಗಳ ಮುಖ್ಯ ಸಂಪತ್ತು. ಬಗನಿಗೆ ಬೈನೆಯೆಂಬ ಹೆಸರೂ ಉಂಟು. ಆ ಮರದಿಂದ ಕಳ್ಳಿಳಿಸುವುದು, ಗದ್ದೆಯಲ್ಲಿ ಬತ್ತ ಬೆಳೆಯುವುದು, ಕಾನಿನ ಮೆಣಸನ್ನು ನೋಡಿಕೊಳ್ಳುವುದು, ಇವು ಹಳೇಪೈಕರ ಅಥವಾ ದೀವರ ಕಸುಬುಗಳೆಂದು ರೈಸರು ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಹಳೇಪೈಕರೆಂಬ ಹೆಸರು ಅವರು ಹಿಂದೆ ಕಾಲಾಳುಗಳಾಗಿದ್ದುದನ್ನು ಸೂಚಿಸುವುದೆಂದು ಹೇಳುವುದುಂಟು.

ಬಗನಿಯ ಸ್ವಭಾವ ತೆಂಗು ಈಚಲುಗಳ ಸ್ವಭಾವದಂತಲ್ಲ. ಅದು ಹತ್ತು ಹದಿನೈದು ವರ್ಷಗಳವರೆಗೆ ಹೂಬಿಡದೆ ಬೆಳೆಯುತ್ತದೆ. ಬಲಿತ ಮೇಲೆ ಮೊದಲ ಹೊಂಬಾಳೆ ತುದಿಯಲ್ಲಿ ಮೂಡುವುದು; ತರುವಾಯದ ಹೊಂಬಾಳೆಗಳು ಒಂದೊಂದಾಗಿ ಕೆಳಕೆಳಗೆ ಇಳಿದುಬರುವುವು; ಕಟ್ಟಕಡೆಯ ಗೊನೆ ಹಣ್ಣಾದ ಮೇಲೆ ಮರವೇ ಸಾಯುವುದು. ಆದುದರಿಂದ ಒಂದು ಮರ ಕಳ್ಳು ಕೊಡುವುದು ಕೆಲವು ವರ್ಷಗಳು ಮಾತ್ರ. ಬರಗಾಲದಲ್ಲಿ ಅದೇ ಮರದ ತಿರುಳಿನ ಹಿಟ್ಟು ಆಹಾರವಾಗುತ್ತಿದ್ದಿತು. ಇಂತಹ ಮರವನ್ನು ಕೊಯ್ಯುವವನು ಹೊಂಬಾಳೆಯನ್ನು ಯಾವಾಗ ಕಟ್ಟಬೇಕು, ಎಷ್ಟು ತೆಳುವಾಗಿ ಕೆತ್ತಬೇಕು, ದಿನಕ್ಕೆ ಎಷ್ಟು ಸಲ ಹತ್ತಬೇಕು ಎಂಬುದನ್ನು ತಂದೆಯಿಂದ ಕಲಿಯಬೇಕಾಗಿದ್ದಿತು.

ಈಗ ರುಚಿಯ ವಿಷಯ. ಮರದಿಂದ ಒಸರುವ ರಸ ಮೊದಲು ಸಿಹಿನೀರು. ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳ ದೆಸೆಯಿಂದ ಕೆಲವೇ ಗಂಟೆಗಳಲ್ಲಿ ಅದು ಹುದುಗುವುದು. ಸಿಹಿ ತಗ್ಗಿ ಮತ್ತು ಹೆಚ್ಚುವುದು. ಮರುದಿನಕ್ಕೆ ಹುಳಿ ಮೇಲಾಗುವುದು. ಕಡೆಗೆ ಅದು ಹುಳಿನೀರೇ ಆಗಿಬಿಡುವುದು. ಮಡಕೆಗೆ ಸುಣ್ಣ ಬಳಿದರೆ ಹುದುಗು ತಡೆಯುವುದು. ಬೆಳಗಿನ ಕಳ್ಳಿಗೂ ಸಂಜೆಯ ಕಳ್ಳಿಗೂ, ಚಳಿಗಾಲದ ರಸಕ್ಕೂ ಬೇಸಗೆಯ ರಸಕ್ಕೂ, ಒಂದು ಮರದ್ದಕ್ಕೂ ಇನ್ನೊಂದು ಮರದ್ದಕ್ಕೂ ಭೇದವುಂಟು. ಆದಕಾರಣ ಕಳ್ಳು ಕುಡಿಯುತ್ತಿದ್ದ ಒಕ್ಕಲಿಗೆ ಮೂರು ಸಂಗತಿಗಳು ತಾವಾಗಿಯೇ ತಿಳಿದಿರುತ್ತಿದ್ದುವು: ಇದು ಯಾವ ಮರದ್ದು, ಯಾರ ಕೈಯದು, ಎಷ್ಟು ಹೊತ್ತಿನದು. ಫ್ರಾನ್ಸಿನ ದ್ರಾಕ್ಷಿಮದ್ಯವನ್ನು ಪರೀಕ್ಷಿಸುವ ನಿಪುಣರು ಕೇಳುವ ಪ್ರಶ್ನೆಗಳೂ ಇವೇ: ಯಾವ ನೆಲ, ಯಾರ ಕೈಗಾರಿಕೆ, ಎಷ್ಟು ವಯಸ್ಸು. ಅಲ್ಲಿ ಈ ಅರಿವಿಗೆ ಬಹಳ ಹಣ ತೆರಬೇಕು. ಇಲ್ಲಿ ಅದು ಅತ್ಯಲ್ಪ ವೆಚ್ಚದಲ್ಲಿ ಸಿದ್ಧಿಸುತ್ತಿದ್ದಿತು. ಮೇಲಾಗಿ ಕಳ್ಳಿನಲ್ಲಿ ಮದ್ಯಸಾರದ ಅಂಶ ನೂರಕ್ಕೆ ನಾಲ್ಕೈದರಷ್ಟೇ ಆದುದರಿಂದ ನಾಲಗೆ ಮರಗಟ್ಟುವ ಮುನ್ನ ರುಚಿಯನ್ನು ಅರಿಯಲು ಅವಕಾಶವಿದ್ದಿತು. ಕಳ್ಳು ಕುಡಿದವರೆಲ್ಲ ಸಂಯಮಿಗಳಾಗಿದ್ದರೆಂದು ಇದರ ಅರ್ಥವಲ್ಲ; ಸಾಲದಿಂದ ಕೆಟ್ಟ ಮನೆಗಳು ಆಗಲೂ ಇದ್ದಿರಬೇಕು. ಕೇರಳದ ನಾರಾಯಣಗುರುಗಳು ಕಳ್ಳಿಳಿಸುವ ಕುಲದಲ್ಲಿಯೇ ಹುಟ್ಟಿ, ಮದ್ಯವನ್ನು ಮಾಡಲೂ ಬಾರದು, ಕೊಡಲೂ ಬಾರದು, ಕುಡಿಯಲೂ ಬಾರದೆಂದು ಬೋಧಿಸಿದುದು ಆ ಕಷ್ಟವನ್ನು ಕಣ್ಣಾರೆ ಕಂಡುದರಿಂದಲೇ. ಅವರ ಬೋಧೆ ಕರ್ನಾಟಕದ ಈಡಿಗ, ಬಿಲ್ಲವ, ದೀವರ ಸಮುದಾಯಗಳಲ್ಲಿಯೂ ಗೌರವವನ್ನು ಪಡೆದಿದೆ.

೪

ಕಳ್ಳಿನ ಪಕ್ಕದಲ್ಲಿ ಭಟ್ಟಿಯ ಸಾರಾಯಿ ಬಂದು ನಿಂತುದು ಎರಡನೆಯ ಘಟ್ಟ. ಹುದುಗಿದ ದ್ರವವನ್ನು ಕಾಯಿಸಿ ಅದರ ಆವಿಯನ್ನು ತಣಿಸಿ ಹಿಡಿಯುವ ವಿಧಾನವನ್ನು ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ವಿವರಿಸಿದ್ದಾನೆ. ಮೈಸೂರುಸೀಮೆಯಲ್ಲಿ ಬೆಲ್ಲವನ್ನೂ ಬಿಳಿಜಾಲಿಯ ತೊಗಟೆಯನ್ನೂ ಕೊಳೆಯಿಟ್ಟು ಭಟ್ಟಿಯಿಳಿಸುವುದು ವಾಡಿಕೆಯಾಗಿದ್ದಿತು. ಮನುವಿನ ಪರಿಭಾಷೆಯಲ್ಲಿ ಇದು ಗೌಡಿಯ ಜಾತಿ. ಆದರೆ ಭಟ್ಟಿಯಿಂದಾದ ಬದಲಾವಣೆ ಬಲದ ಹೆಚ್ಚಳವೊಂದೇ ಅಲ್ಲ. ಕಳ್ಳು ಒಂದು ದಿನಕ್ಕೆ ಕೆಡುವುದು, ದೂರ ಸಾಗದು. ಸಾರಾಯಿ ಕೆಡದು, ಎಲ್ಲಿಗೆ ಬೇಕಾದರೂ ಸಾಗುವುದು. ಸಾಗುವ ವಸ್ತುವನ್ನು ಒಂದೆಡೆ ಕಲೆಹಾಕಬಹುದು. ಕಲೆಹಾಕಿದ ವಸ್ತುವಿನ ಮೇಲೆ ಸುಂಕವನ್ನು ಸುಲಭವಾಗಿ ವಸೂಲು ಮಾಡಬಹುದು. ಹತ್ತೊಂಬತ್ತನೆಯ ಶತಮಾನದ ಸರ್ಕಾರಗಳು ಮನೆಮನೆಯ ಭಟ್ಟಿಯನ್ನು ಅಡಗಿಸಿ, ಗೊತ್ತಾದ ಕಾರ್ಖಾನೆಗಳಲ್ಲಿ ಮಾತ್ರ ಸಾರಾಯಿ ತಯಾರಾಗುವಂತೆ ಏರ್ಪಡಿಸಿದುದಕ್ಕೆ ಇದೇ ಕಾರಣ. ಮುಂಬಯಿ ಪ್ರಾಂತದಲ್ಲಿ ೧೮೭೮ರ, ಮದರಾಸಿನಲ್ಲಿ ೧೮೮೬ರ, ಮೈಸೂರಿನಲ್ಲಿ ೧೯೦೧ರ ಅಬಕಾರಿ ಕಾನೂನುಗಳು ಈ ಏರ್ಪಾಡಿಗೆ ರೂಪಕೊಟ್ಟುವು. ಸೊರಬದ ಗಡಿಯಾಚೆಯ ಶಿರಸಿ ಸಿದ್ಧಾಪುರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ, ಒಂದೇ ಕಾನುಸೀಮೆಯ ಜನ ಎರಡು ಕಾನೂನುಗಳಿಗೆ ಒಳಗಾದರು.

ಈ ವ್ಯವಸ್ಥೆಯಲ್ಲಿ ಅಂಗಡಿಗಳ ಹಕ್ಕು ಹರಾಜಾಗುತ್ತಿದ್ದಿತು. ಗುತ್ತಿಗೆದಾರನು ಕೊಟ್ಟುದನ್ನು ಕುಡಿಯುವವನು ಕೊಳ್ಳಬೇಕಾಯಿತು. ಯಾವ ಬೆಲ್ಲ, ಯಾವ ಭಟ್ಟಿ, ಯಾರ ಕೈ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಹೋಯಿತು. ಸಾರಾಯಿಗೆ ಉಳಿದ ಗುಣ ಒಂದೇ: ಕಡಕು. ರುಚಿನೋಡುವುದೆಂಬ ಮಾತು ಹೋಗಿ ಏರುವುದು, ಇಳಿಯುವುದು ಎಂಬ ಮಾತುಗಳು ಉಳಿದುವು. ಸ್ವಾತಂತ್ರ್ಯದ ಚಳವಳಿ ಅಬಕಾರಿಯನ್ನು ಪರಾಧೀನತೆಯ ಗುರುತೆಂದು ಭಾವಿಸಿದುದು ಸಹಜವಾಗಿದ್ದಿತು. ೧೯೩೯ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದು ಕಾನೂನನ್ನು ಮುರಿದರು. ಕೊಡಲಿ ಬಿದ್ದುದು ಮರಕ್ಕೆ, ಗುರಿಯಾಗಿದ್ದುದು ಬೊಕ್ಕಸ.

೫

ವಿಸ್ಕಿ ಈ ಸೀಮೆಗೆ ಬಂದುದು ಹೊರಗಿನಿಂದ. ಬಹುಕಾಲದವರೆಗೆ ಅದು ಅಧಿಕಾರಿಗಳ ಬಂಗಲೆ ಮತ್ತು ಕ್ಲಬ್ಬುಗಳ ಪಾನೀಯವಾಗಿದ್ದಿತು. ಕಾನೂನು ಅದನ್ನು ವಿದೇಶೀ ಮದ್ಯವೆಂದೂ ಸಾರಾಯಿಯನ್ನು ದೇಶೀ ಮದ್ಯವೆಂದೂ ವಿಂಗಡಿಸಿತು. ಹೆಸರಿನಲ್ಲಿಯೇ ಅಂತಸ್ತು ಸೇರಿಕೊಂಡಿತು. ಆದರೆ ವಿಸ್ಕಿಯ ಸ್ವಂತ ಚರಿತ್ರೆಯನ್ನು ನೋಡಿದರೆ ಅದೂ ಮೂಲದಲ್ಲಿ ಒಕ್ಕಲಿನ ವಸ್ತುವೇ. ಐರ್ಲೆಂಡು ಸ್ಕಾಟ್ಲೆಂಡುಗಳ ರೈತರು ಮೊಳಕೆಗಟ್ಟಿಸಿದ ಬಾರ್ಲಿಯಿಂದ ತಾಮ್ರದ ಹಂಡೆಯಲ್ಲಿ ಇಳಿಸುತ್ತಿದ್ದ ಸಾರಾಯಿ ಅದು; ಅದರ ಹೆಸರಿಗೆ ಗೇಲಿಕ್ ಭಾಷೆಯಲ್ಲಿ ಜೀವಜಲವೆಂದರ್ಥ. ೧೮೩೦ರಲ್ಲಿ ಈನಿಯಸ್ ಕಾಫಿ ಎಂಬಾತನು ಎಡೆಬಿಡದೆ ನಡೆಯುವ ಭಟ್ಟಿಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಅಗ್ಗದ ಧಾನ್ಯಮದ್ಯ ಹೇರಳವಾಯಿತು. ಅದನ್ನು ಹಳೆಯ ಬಾರ್ಲಿಯ ಮದ್ಯದೊಡನೆ ಬೆರೆಸಿ ಮಾರುವ ಪದ್ಧತಿ ಹಬ್ಬಿತು. ೧೮೬೦ರ ಅನಂತರ ಫ್ರಾನ್ಸಿನ ದ್ರಾಕ್ಷಿತೋಟಗಳು ಕೀಟಬಾಧೆಯಿಂದ ಹಾಳಾಗಿ ಬ್ರಾಂದಿ ದುರ್ಲಭವಾದಾಗ ಈ ಬೆರಕೆಯ ವಿಸ್ಕಿ ಲೋಕದಲ್ಲೆಲ್ಲ ಪ್ರಸಿದ್ಧಿಗೆ ಬಂದಿತು. ಧಾನ್ಯದ ಸಾಮಾನ್ಯಮದ್ಯವನ್ನು ವಿಸ್ಕಿಯೆಂದು ಮಾರುವುದು ಮೋಸವಲ್ಲವೆ ಎಂಬ ಪ್ರಶ್ನೆಯೆದ್ದು ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ೧೯೦೫-೦೬ರಲ್ಲಿ ಮೊಕದ್ದಮೆ ನಡೆಯಿತು. ಕಡೆಗೆ ರಾಜಾಯೋಗವೊಂದು ನೇಮಕವಾಗಿ, ೧೯೦೯ರಲ್ಲಿ ಅದನ್ನೂ ವಿಸ್ಕಿಯೆನ್ನಬಹುದೆಂದು ತೀರ್ಮಾನ ಕೊಟ್ಟಿತು. ವಿಸ್ಕಿ ಯಾವುದು ಎಂಬುದನ್ನು ಅದರ ತವರಿನಲ್ಲಿಯೂ ನಾಲಗೆಯಲ್ಲ, ಸರ್ಕಾರದ ಸಮಿತಿ ನಿರ್ಣಯಿಸಿತು.

ಭಾರತದಲ್ಲಿ ವಾದ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಯಿತು. ಸಕ್ಕರೆಯ ಕಾರ್ಖಾನೆಗಳು ಬೆಳೆದಂತೆ ಕಾಕಂಬಿ ರಾಶಿಬಿದ್ದಿತು. ಅದರಿಂದ ಅಗ್ಗವಾಗಿ ಮದ್ಯಸಾರ ತೆಗೆಯಬಹುದಾಗಿದ್ದಿತು. ಮೈಸೂರು ಸಂಸ್ಥಾನದಲ್ಲಿ ಮೈಸೂರು ಸಕ್ಕರೆ ಕಂಪನಿ ೧೯೩೩ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ರುಚಿಯಿಲ್ಲದಂತೆ ಶುದ್ಧಿಮಾಡಿದ ಈ ಮದ್ಯಸಾರಕ್ಕೆ ನೀರು ಬೆರೆಸಿ, ಸುಟ್ಟ ಸಕ್ಕರೆಯ ಬಣ್ಣವನ್ನೂ ಪರಿಮಳವನ್ನೂ ಕೂಡಿಸಿ, ಕೆಲವು ವೇಳೆ ಸ್ವಲ್ಪ ಬಾರ್ಲಿಯ ಮದ್ಯವನ್ನೂ ಸೇರಿಸಿ ವಿಸ್ಕಿಯೆಂಬ ಹೆಸರಿನಿಂದ ಮಾರುವ ಉದ್ಯಮ ಬೆಳೆಯಿತು. ನೂರಕ್ಕೆ ೪೨.೮ರ ಬಲದಲ್ಲಿ ಅದನ್ನು ತುಂಬುವುದು ಸಾಮಾನ್ಯ ನಿಯಮ. ಯುರೋಪಿನ ಕಾನೂನಿನ ಪ್ರಕಾರ ವಿಸ್ಕಿ ಧಾನ್ಯದಿಂದಲೇ ಆಗಿರಬೇಕು, ಮರದ ಪೀಪಾಯಿಯಲ್ಲಿ ಕಡಮೆಯೆಂದರೆ ಮೂರು ವರ್ಷ ಬಲಿತಿರಬೇಕು. ಆದುದರಿಂದ ಕಾಕಂಬಿಯ ವಿಸ್ಕಿಗೆ ಅಲ್ಲಿ ಆ ಹೆಸರಿಲ್ಲ. ಸ್ಮೃತಿಯ ಮಾತಿನಲ್ಲಿ ಹೇಳುವುದಾದರೆ ಇದು ಪೈಷ್ಟಿಯ ವೇಷ ತೊಟ್ಟ ಗೌಡಿ. ನಿಷೇಧಿಸುವುದಕ್ಕಾಗಿಯೇ ವರ್ಗೀಕರಣ ಮಾಡಿದ ಸ್ಮೃತಿಕಾರನಿಗೆ ಇದ್ದ ಸ್ಪಷ್ಟತೆ ಮಾರುವುದಕ್ಕಾಗಿ ಮಾಡಿದ ವರ್ಗೀಕರಣದಲ್ಲಿ ಇಲ್ಲವಾಯಿತು.

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯ ಕಥೆ ಇದಕ್ಕೆ ಒಂದು ಅಪವಾದ. ಜೆ. ಎನ್. ರಾಧಾಕೃಷ್ಣರಾವ್ ಜಗದಾಳೆಯವರು ೧೯೪೮ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮೊದಲು ಸಾಮಾನ್ಯದರ್ಜೆಯ ಮದ್ಯಗಳನ್ನು ತಯಾರಿಸುತ್ತಿದ್ದಿತು. ಅವರ ಮಗ ನೀಲಕಂಠರಾವ್ ಜಗದಾಳೆಯವರ ಕಾಲದಲ್ಲಿ ಭಾರತದ ಬಾರ್ಲಿಯಿಂದಲೇ ಇಳಿಸಿ ಓಕ್ ಮರದ ಪೀಪಾಯಿಗಳಲ್ಲಿ ಬಲಿಸಿದ ಶುದ್ಧ ಬಾರ್ಲಿವಿಸ್ಕಿಯನ್ನು ೨೦೦೪ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಲಾಯಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎ‌ರಡರಷ್ಟು ಆವಿಯಾಗಿ ಹೋದರೆ, ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ಹತ್ತು ಹನ್ನೆರಡರಷ್ಟು ಹೋಗುವುದು. ಅದರಿಂದ ಇಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ಮದ್ಯ ಬಲಿಯುವುದು, ಬೆಲೆಯೂ ಏರುವುದು. ಕನ್ನಡನಾಡಿನ ಹವೆಯಲ್ಲಿ ಬಲಿತ ಈ ವಿಸ್ಕಿಯ ರುಚಿಯನ್ನು ಮೊದಲು ನೋಡಿದವರು ಸ್ಕಾಟರು. ಬೆಂಗಳೂರಿನ ಅಂಗಡಿಗೆ ಅದು ಬಂದುದು ೨೦೧೦ರ ವೇಳೆಗೆ. ಶಿರಾಳಕೊಪ್ಪದ ಕೂಲಿಕಾರನಿಗೆ ಅದು ಇಂದಿಗೂ ಕೈಗೆಟುಕದ ವಸ್ತು.

೬

ಆ ಕೂಲಿಕಾರನಿಗೆ ಎಟುಕುವುದು ಯಾವುದೆಂಬುದನ್ನು ಕಳೆದ ನೂರು ವರ್ಷಗಳ ಕಾನೂನುಗಳು ಕ್ರಮಕ್ರಮವಾಗಿ ಗೊತ್ತುಮಾಡಿದುವು. ೧೯೪೮ರಲ್ಲಿ ಮೈಸೂರಿನಲ್ಲಿ ಪಾನನಿರೋಧದ ಕಾನೂನು ಬಂದಿತು. ೧೯೫೦ರ ಸಂವಿಧಾನದ ೪೭ನೆಯ ಅನುಚ್ಛೇದ ಪಾನನಿರೋಧವನ್ನು ರಾಜ್ಯದ ಧ್ಯೇಯಗಳಲ್ಲಿ ಸೇರಿಸಿತು. ೧೯೬೭ರಲ್ಲಿ ಮೈಸೂರು ರಾಜ್ಯ ನಿರೋಧವನ್ನು ತೆಗೆದುಹಾಕಿತು. ಅಂದಿನಿಂದ ಸಾರಾಯಿ, ಸೇಂದಿಗಳ ಗುತ್ತಿಗೆ ಮತ್ತೆ ನಡೆಯಿತು. ಕೊನೆಕೊನೆಗೆ ಸಾರಾಯಿ ಪ್ಲಾಸ್ಟಿಕ್ಕಿನ ಪೊಟ್ಟಣಗಳಲ್ಲಿ ಬರತೊಡಗಿತು. ೨೦೦೪ರಲ್ಲಿ ಕರಾವಳಿಯ ಜಿಲ್ಲೆಗಳನ್ನುಳಿದು ರಾಜ್ಯದಲ್ಲಿ ಕಳ್ಳನ್ನು ನಿಷೇಧಿಸಲಾಯಿತು. ೨೦೦೭ರ ಜುಲೈ ೧ರಿಂದ ಸಾರಾಯಿಯೂ ನಿಷಿದ್ಧವಾಯಿತು. ಆಗ ಉಪಮುಖ್ಯಮಂತ್ರಿಯೂ ಅರ್ಥಸಚಿವರೂ ಆಗಿದ್ದ ಬಿ. ಎಸ್. ಯಡಿಯೂರಪ್ಪನವರು ಶಿಕಾರಿಪುರದ ಪ್ರತಿನಿಧಿಗಳಾಗಿದ್ದುದರಿಂದ ಈ ನಿರ್ಧಾರಕ್ಕೂ ಬಳ್ಳಿಗಾವೆಯ ಸೀಮೆಗೂ ಒಂದು ಸಂಬಂಧವುಂಟು. ಸಾರಾಯಿಯಿಂದ ನೊಂದ ಹೆಂಗಸರ ಪಾಲಿಗೆ ಅದು ಬಹುಕಾಲದ ಬೇಡಿಕೆಯ ಫಲವಾಗಿದ್ದಿತು.

ಕಳ್ಳೂ ಸಾರಾಯಿಯೂ ಹೋದುವು, ಕುಡಿಯುವವನು ಹೋಗಲಿಲ್ಲ. ೨೦೦೩ರಲ್ಲಿ ಸ್ಥಾಪಿತವಾದ ರಾಜ್ಯ ಪಾನೀಯ ನಿಗಮದ ಮೂಲಕ ಹಂಚಿಕೆಯಾಗುವ ಮದ್ಯಗಳಲ್ಲಿ ಅತ್ಯಂತ ಅಗ್ಗವಾದ ವಿಸ್ಕಿ ಅವರ ಸ್ಥಾನಕ್ಕೆ ಬಂದಿತು. ೧೮೦ ಮಿಲಿಲೀಟರಿನ ಕ್ವಾರ್ಟರ್, ಅದರಲ್ಲಿ ಅರ್ಧದಷ್ಟಿರುವ ೯೦ ಮಿಲಿಲೀಟರಿನ ಪೊಟ್ಟಣ ಇವೇ ಬಡವನ ಅಳತೆಗಳಾದುವು. ಕೌಟಿಲ್ಯನ ಕಾಲು ಕುಡುಬ ಸಂಯಮಕ್ಕಾಗಿ ಏರ್ಪಟ್ಟುದು. ಈಗಿನ ಪೊಟ್ಟಣ ದಿನಗೂಲಿಯ ಜೇಬಿಗೆ ಹೊಂದಲೆಂದು ಏರ್ಪಟ್ಟುದು. ಮದ್ಯದ ಬೆಲೆಯ ಸ್ತರ ಮೇಲೇರಿದಂತೆ ಹೆಚ್ಚುವರಿ ಅಬಕಾರಿ ಸುಂಕವೂ ಏರುವ ಕ್ರಮವಿರುವುದರಿಂದ, ಸ್ವಲ್ಪ ಉತ್ತಮವಾದುದನ್ನು ಕೊಳ್ಳಬಯಸುವ ಅಲ್ಪವರಮಾನದವನು ಗುಣಕ್ಕಿಂತ ಹೆಚ್ಚಾಗಿ ಸುಂಕಕ್ಕೇ ಹಣ ತೆರಬೇಕಾಗುತ್ತದೆ. ಪರಿಣಾಮವಾಗಿ ಅವನು ಕೆಳಗಿನ ಮೆಟ್ಟಿಲಿನಲ್ಲಿಯೇ ನಿಲ್ಲುವನು. ಆ ಮೆಟ್ಟಿಲಿನಲ್ಲಿ ಸೀಸೆಗಳ ಮೇಲಣ ಹೆಸರುಗಳು ಹಲವು. ಒಳಗಿನ ದ್ರವದಲ್ಲಿ ಹೋಲಿಸತಕ್ಕ ಭೇದ ಅತ್ಯಲ್ಪ. ೨೦೧೯ರ ಜನವರಿಯಲ್ಲಿ ಸಾವಿರಾರು ಮಂದಿ ಗ್ರಾಮೀಣ ಹೆಂಗಸರು ಪಾನನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಸಾರಾಯಿ ಹೋಗಿ ಹನ್ನೊಂದು ವರ್ಷ ಕಳೆದ ಮೇಲೂ ಅವರ ಮನೆಯ ದುಃಖ ಹೆಸರನ್ನು ಮಾತ್ರ ಬದಲಿಸಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

೭

ಮೇಲಣ ಆಧಾರಗಳನ್ನೆಲ್ಲ ಕೂಡಿಸಿ ನೋಡಿದರೆ ಒಂದು ತಥ್ಯ ಸ್ಫುಟವಾಗುತ್ತದೆ. ಪಾನರುಚಿ ಹುಟ್ಟುವುದು ಬೆಲೆಯಿಂದಲ್ಲ. ಮೂಲದ ಅರಿವು, ಹೋಲಿಕೆಗೆ ಅವಕಾಶ, ಮಿತವಾದ ಅಳತೆ ಎಂಬ ಮೂರರಿಂದ. ಕಾನಿನ ಒಕ್ಕಲಿಗೆ ಹಣವಿಲ್ಲದಿದ್ದರೂ ಈ ಮೂರೂ ಇದ್ದುವು. ಭಟ್ಟಿಯ ಸಾರಾಯಿ ಮೂಲದ ಅರಿವನ್ನು ಕಿತ್ತುಕೊಂಡಿತು. ಗುತ್ತಿಗೆ ಹೋಲಿಕೆಯನ್ನು ಕಿತ್ತುಕೊಂಡಿತು. ಅಗ್ಗದ ವಿಸ್ಕಿಯಲ್ಲಿ ಹೆಸರೊಂದು ಉಳಿದು, ಅಳತೆಯೂ ಬಾಯಾರಿಕೆಗೆ ಅಲ್ಲದೆ ವ್ಯಾಪಾರಕ್ಕೆ ಅಧೀನವಾಯಿತು. ಬಡವನಿಗೆ ರುಚಿ ತಿಳಿಯದೆಂಬ ಮಾತು ಆದುದರಿಂದ ಚರಿತ್ರೆಗೆ ವಿರುದ್ಧವಾದುದು. ಅವನಿಗೆ ತಿಳಿದಿದ್ದುದನ್ನು ಮರೆಸಲಾಯಿತೆಂಬುದೇ ನಿಜ.

ಹಾಗಾದರೆ ಸಾಮಾನ್ಯ ಸಂಬಳದವನೊಬ್ಬನು ವಿಸ್ಕಿಯ ರುಚಿಯನ್ನು ಬೆಳೆಸಿಕೊಳ್ಳುವುದು ಸಾಧ್ಯವೆ? ಚರಿತ್ರೆಯ ಉತ್ತರ ಸಾಧ್ಯವೆಂದೇ. ಅದಕ್ಕೆ ಹಳೆಯ ಮೂರು ನಿಯಮಗಳನ್ನು ಹೊಸ ವಸ್ತುವಿಗೆ ಅನ್ವಯಿಸಿದರೆ ಸಾಕು. ತಾನು ಕುಡಿಯುವುದು ಗೌಡಿಯೋ ಪೈಷ್ಟಿಯೋ ಎಂಬುದನ್ನು ಸೀಸೆಯ ಚೀಟಿಯನ್ನು ಓದಿ ತಿಳಿಯುವುದು ಮೊದಲ ಪಾಠ. ಅದಕ್ಕೆ ಕಾಸು ಬೇಡ. ಪ್ರತಿವಾರದ ನಾಲ್ಕು ಪೊಟ್ಟಣಗಳ ಹಣವನ್ನು ಕೂಡಿಟ್ಟು, ನಾಲ್ವರು ಗೆಳೆಯರು ಪಾಲುಹಾಕಿ, ಎರಡು ಬೇರೆ ಬಗೆಯ ಒಳ್ಳೆಯ ಸೀಸೆಗಳನ್ನು ಕೊಂಡು ಪಕ್ಕಪಕ್ಕದಲ್ಲಿಟ್ಟು ನೋಡುವುದು ಎರಡನೆಯದು. ಒಂದನ್ನೇ ಕುಡಿಯುವವನಿಗೆ ಅದರ ಗುಣ ತಿಳಿಯದು, ಎರಡನ್ನು ಹೋಲಿಸುವವನಿಗೆ ಎರಡೂ ತಿಳಿಯುವುವು. ಮೂರನೆಯದು ಅಳತೆ: ಒಂದು ಗುಟುಕಿಗೆ ಅಷ್ಟೇ ನೀರು ಬೆರೆಸಿ, ಮೊದಲು ಮೂಸಿ, ಆಮೇಲೆ ನಾಲಗೆಗೆ ತಾಕಿಸಿ, ಸಾವಕಾಶವಾಗಿ ನೋಡುವುದು. ನೀರು ಬಲವನ್ನು ತಗ್ಗಿಸಿ ಪರಿಮಳವನ್ನು ಬಿಡಿಸುವುದರಿಂದ ಅದು ಬಡತನದ ಗುರುತಲ್ಲ, ನಿಪುಣರ ಉಪಾಯ. ಹೀಗೆ ನೋಡುವವನಿಗೆ ಒಂದು ಸೀಸೆ ಹಲವು ವಾರ ಬರುವುದು. ವೆಚ್ಚ ಏರುವುದರ ಬದಲು ಇಳಿಯುವುದು. ಬೇಡವೆಂದು ನಿಲ್ಲಿಸುವ ಶಕ್ತಿಯೂ ಈ ವಿವೇಕದ ಒಂದು ಭಾಗವೇ. ಕುಡಿಯದೆ ಇರುವವನ ಆಯ್ಕೆ ಬಳ್ಳಿಗಾವೆಯ ಐದು ಧರ್ಮಗಳಿಗೂ ಸಮ್ಮತವಾದುದೆಂಬುದನ್ನು ಮರೆಯುವಂತಿಲ್ಲ.

ಸೊರಬದ ಕಾನುಗಳಲ್ಲಿ ಬಗನಿಯ ಮರಗಳು ಈಗಲೂ ಅಲ್ಲಲ್ಲಿ ತುದಿಯಿಂದ ಬುಡದ ಕಡೆಗೆ ಒಂದೊಂದೇ ಹೊಂಬಾಳೆಯನ್ನು ಬಿಡುತ್ತ ನಿಂತಿವೆ. ಅವುಗಳ ರಸವನ್ನು ಹೊತ್ತಿನ ಪ್ರಕಾರ ಗುರುತಿಸಬಲ್ಲ ನಾಲಗೆಗಳು ಮಾತ್ರ ವಿರಳವಾಗುತ್ತಿವೆ. ಶಾಸನಗಳನ್ನು ಅಚ್ಚುಹಾಕಿ ಉಳಿಸಿದಂತೆ ಈ ತಿಳಿವಳಿಕೆಯ ಮಾತುಗಳನ್ನೂ, ಕಳ್ಳಿಳಿಸುತ್ತಿದ್ದ ಮನೆತನಗಳ ಹಿರಿಯರಿಂದ ಕೇಳಿ ಬರೆದಿಡುವ ಕೆಲಸ ಕನ್ನಡದ ಅಧ್ಯಯನಕಾರರಿಗೆ ಸೇರಿದ್ದು. ಆ ಪದಸಂಪತ್ತು ಸಂಗ್ರಹವಾದರೆ ಪಂಪನ ಪಾನಗೋಷ್ಠಿಯ ವರ್ಣನೆಗೂ ಹೊಸ ಅರ್ಥ ದೊರೆಯಬಹುದು. ರತ್ನದ ಬಟ್ಟಲಿಲ್ಲದೆ ರಸವನ್ನು ಅರಿತಿದ್ದವರ ಹೆಸರೂ ಸಾಹಿತ್ಯಚರಿತ್ರೆಯ ಅಂಚಿನಲ್ಲಾದರೂ ಸೇರಬಹುದು.